ತೊಟ್ಟಿ ಎತ್ತದೆ ಮಣ್ಣು ಇಳಿಸುವುದು ಹೇಗೆ?

ಬೇಸಿಗೆಯಲ್ಲಿ ಹೊಸದುರ್ಗ, ಹೊಳಲ್ಕೆರೆ ಕಡೆಯ ಕೆರೆಗಳು ಒಣಗಿದವೆಂದರೆ ಹೂಳು ಹೊಡೆಯುವ ಕೆಲಸ ಶುರುವಾಗುತ್ತದೆ. ಜೇಸಿಬಿ ಅಗೆಯುತ್ತದೆ. ಟ್ರ್ಯಾಕ್ಟರುಗಳು ಸಾಲಾಗಿ ನಿಂತು, ಟ್ರೈಲರ್ ತುಂಬಿಸಿಕೊಂಡು ತೆಂಗು, ಅಡಿಕೆ ತೋಟಗಳತ್ತ ಹೊರಡುತ್ತವೆ. ಜೇಸಿಬಿ ಇದ್ದಲ್ಲಿ ಮಕ್ಕಳ ಗುಂಪು ಇದ್ದೇ ಇರುತ್ತದೆ. ಮಣ್ಣು ಇಳಿಸುವ ಕಡೆ ಮಾತ್ರ ನೋಡುವವರು ಕಡಿಮೆ. ನನ್ನನ್ನು ಕೇಳಿದರೆ ವಿಜ್ಞಾನ ಹೆಚ್ಚಾಗಿರುವುದು ಅಲ್ಲಿಯೇ.

ಮೊದಲು ಒಂದು ಲೆಕ್ಕ ಮಾಡೋಣ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅಷ್ಟು ಜಾಗದಲ್ಲಿ ಒಂದೇ ಒಂದು ಅಂಗುಲ ದಪ್ಪಕ್ಕೆ ಹೂಳು ಹರಡಲು ಹತ್ತಿರ ಹತ್ತಿರ 103 ಘನ ಮೀಟರ್ ಮಣ್ಣು ಬೇಕು. ಒಂದು ಟ್ರೈಲರಿನಲ್ಲಿ 3 ಘನ ಮೀಟರ್ ಹಿಡಿಯುತ್ತದೆ ಎಂದುಕೊಂಡರೆ 35 ಲೋಡು! ತುಂಬಿದಷ್ಟು ಸಲವೂ ಇಳಿಸಲೇಬೇಕು. ಬುಟ್ಟಿ, ಸಲಿಕೆ ಹಿಡಿದು ಇಳಿಸಿದರೆ ಒಂದು ಲೋಡಿಗೇ ರಟ್ಟೆ ಸೋತುಹೋಗುತ್ತದೆ. ಅದಕ್ಕೇ ಟ್ರೈಲರಿನ ತೊಟ್ಟಿ ತಾನೇ ಮೇಲೇಳುವಂತೆ ಮಾಡಿದ್ದಾರೆ.

ಟ್ರ್ಯಾಕ್ಟರಿನ ಹಿಂಭಾಗದಿಂದ ಟ್ರೈಲರಿಗೆ ದಪ್ಪನೆಯ ಕಪ್ಪು ಪೈಪೊಂದು ಹೋಗಿರುತ್ತದೆ, ಗಮನಿಸಿದ್ದೀರಾ? ಅದರೊಳಗೆ ಇರುವುದು ಎಣ್ಣೆ. ಡ್ರೈವರ್ ಲಿವರ್ ಎಳೆದಾಗ ಟ್ರ್ಯಾಕ್ಟರಿನ ಪಂಪು ಎಣ್ಣೆಯನ್ನು ತೊಟ್ಟಿಯ ಕೆಳಗಿನ ಜಾಕಿಗೆ ನೂಕುತ್ತದೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ. ಇದನ್ನು 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ವಿವರಿಸಿದರು. ಎಣ್ಣೆ ಪ್ರತಿ ಚದರ ಸೆಂಟಿಮೀಟರಿಗೆ 150 ಕಿಲೋ ಭಾರದಷ್ಟು ಒತ್ತುತ್ತಿದೆ ಎನ್ನಿ. ಜಾಕಿಯೊಳಗಿನ ಪಿಸ್ಟನ್ನಿನ ವಿಸ್ತೀರ್ಣ 100 ಚದರ ಸೆಂಟಿಮೀಟರ್ ಇದ್ದರೆ, ಮೇಲೆತ್ತುವ ಬಲ 15,000 ಕಿಲೋ ಭಾರಕ್ಕೆ ಸಮ. ಊಟದ ತಟ್ಟೆಗಿಂತಲೂ ಚಿಕ್ಕದಾದ ಆ ಪಿಸ್ಟನ್ ಮಣ್ಣು ತುಂಬಿದ ತೊಟ್ಟಿಯನ್ನು ಎತ್ತಿಬಿಡುತ್ತದೆ.

ಆದರೆ ತೊಟ್ಟಿ ಎದ್ದ ಮಾತ್ರಕ್ಕೆ ಮಣ್ಣು ಬೀಳುತ್ತದೆಯೇ? ನೀವೇ ಪರೀಕ್ಷೆ ಮಾಡಿ. ಒಂದು ತಟ್ಟೆಯಲ್ಲಿ ಒಣ ಮರಳು ಹಾಕಿ ನಿಧಾನವಾಗಿ ಓರೆ ಮಾಡಿ. 30–35 ಡಿಗ್ರಿ ಬರುವಷ್ಟರಲ್ಲಿ ಮರಳು ಜಾರತೊಡಗುತ್ತದೆ. ಈಗ ಹಿರಿಯೂರು ಕಡೆಯ ಎರೆ ಮಣ್ಣನ್ನು ನೀರು ಹಾಕಿ ಕಲಸಿ ಅದೇ ತಟ್ಟೆಗೆ ಮೆತ್ತಿ. ತಟ್ಟೆಯನ್ನು ನೆಟ್ಟಗೆ ನಿಲ್ಲಿಸಿದರೂ ಮಣ್ಣು ಅಲ್ಲಾಡುವುದಿಲ್ಲ. ಎರೆಯಲ್ಲಿ ಜೇಡಿಯ ಕಣಗಳು ಹೆಚ್ಚು. ಅವು ಒಂದು ಮಿಲಿಮೀಟರಿನ 500ನೇ ಒಂದು ಭಾಗಕ್ಕಿಂತಲೂ ಸಣ್ಣವು, ಆಕಾರದಲ್ಲಿ ಚಪ್ಪಟೆ. ನೀರು ಅವುಗಳ ನಡುವೆ ಸೇರಿ ಅವನ್ನು ಒಂದಕ್ಕೊಂದೂ ತಟ್ಟೆಗೂ ಅಂಟಿಸುತ್ತದೆ. ಕೆರೆಯ ಹೂಳಿನಲ್ಲೂ ಇದೇ ಕಥೆ. ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಕೆಳಗೆ ಒಂದಡಿ ಅಗೆದರೆ ಹಸಿ ಹಸಿ ಮಣ್ಣು.

ಹೀಗೆ ಅಂಟಿದ ಮಣ್ಣಿನಿಂದ ಅಪಾಯವಿದೆ. ತೊಟ್ಟಿ ಪೂರ್ತಿ ಎದ್ದು ನಿಂತಿರುವಾಗ ಮೇಲಿನ ತುದಿಯಲ್ಲೇ ಒಂದೆರಡು ಟನ್ ಮಣ್ಣು ಕಚ್ಚಿಕೊಂಡಿದೆ ಎಂದುಕೊಳ್ಳಿ. ಆಗ ಗಾಡಿಯ ಗುರುತ್ವ ಕೇಂದ್ರ ಮೇಲಕ್ಕೆ ಹೋಗುತ್ತದೆ. ಅದು ನೆಲದ ಹತ್ತಿರ ಇದ್ದಷ್ಟೂ ಗಾಡಿ ಭದ್ರ. ಮೇಲೆ ಹೋದಷ್ಟೂ ಸ್ವಲ್ಪ ವಾಲಿದರೂ ಉರುಳುವ ಭಯ. ಒಂದು ಚಕ್ರ ಮೆತ್ತನೆಯ ನೆಲದಲ್ಲಿ ಹುಗಿದರೂ ಸಾಕು, ಪೂರ್ತಿ ಗಾಡಿ ಪಕ್ಕಕ್ಕೆ ಬೀಳಬಹುದು. ತೋಟದ ಮೇಲೆ ಹಾದುಹೋದ ಕರೆಂಟು ತಂತಿ ಎದ್ದ ತೊಟ್ಟಿಗೆ ತಗುಲುವುದೂ ಉಂಟು. ಆದ್ದರಿಂದ ತೊಟ್ಟಿ ಎತ್ತುವಾಗ ಅದರ ಹಿಂದೆ, ಪಕ್ಕದಲ್ಲಿ ನಿಲ್ಲಲೇಬೇಡಿ. ನೋಡುವುದಾದರೆ ದೂರದಿಂದ, ಡ್ರೈವರಿಗೆ ಕಾಣುವ ಕಡೆ ನಿಂತು ನೋಡಿ.

ಈಗ ಮತ್ತೆ ಆ ತಟ್ಟೆ ತೆಗೆದುಕೊಳ್ಳಿ. ಓರೆ ಮಾಡಬೇಡಿ. ಅಡಿಪಟ್ಟಿಯನ್ನು ನಿಲ್ಲಿಸಿ ಹಿಡಿದು ಎರೆ ಮಣ್ಣನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತಳ್ಳಿ. ಬಂತಲ್ಲವೇ? ತಟ್ಟೆಯೂ ಹೆಚ್ಚು ಕಡಿಮೆ ಸ್ವಚ್ಛ! ಎಜೆಕ್ಟರ್ ಎಂಬ ವಿಶೇಷ ಟ್ರೈಲರುಗಳು ಮಾಡುವುದು ಇದನ್ನೇ. ತೊಟ್ಟಿಯ ಮುಂಭಾಗದಲ್ಲಿ ಅಡ್ಡಲಾಗಿ ಉಕ್ಕಿನ ಗೋಡೆಯೊಂದು ನಿಂತಿರುತ್ತದೆ. ಮಲಗಿಸಿದ ಜಾಕಿ ಅದನ್ನು ಹಿಂದಕ್ಕೆ ನೂಕುತ್ತದೆ. ಹಿಂಬಾಗಿಲು ತೆರೆದು ಮಣ್ಣು ಹೊರಗೆ ಬೀಳುತ್ತದೆ. ತೊಟ್ಟಿ ಮೇಲೇಳುವುದೇ ಇಲ್ಲ. ಗುರುತ್ವ ಕೇಂದ್ರ ಕೆಳಗೇ ಉಳಿಯುತ್ತದೆ, ತಂತಿಯ ಭಯವೂ ಇಲ್ಲ.

ಇನ್ನೊಂದು ಲಾಭ ನನಗೆ ಬಹಳ ಇಷ್ಟ. ತೊಟ್ಟಿ ಎತ್ತಿದರೆ ಮಣ್ಣು ಒಂದೇ ಗುಡ್ಡೆಯಾಗಿ ಬೀಳುತ್ತದೆ. ತಳ್ಳುವ ಟ್ರೈಲರ್ ಮುಂದೆ ಚಲಿಸುತ್ತಲೇ ಮಣ್ಣು ಸುರಿಯಬಲ್ಲದು, ಹಾಗಾಗಿ ಮಣ್ಣು ತೆಳುವಾಗಿ ಉದ್ದಕ್ಕೆ ಹರಡಿಕೊಳ್ಳುತ್ತದೆ. ಇದು ಕಾಲುವೆಯ ಏರಿ ಕಟ್ಟುವವರಿಗೆ ಬೇಕೇ ಬೇಕಾದ ಗುಣ. ನಮ್ಮ ಜಿಲ್ಲೆಯಲ್ಲಿ ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆ ಕೆಲಸ ನಿಮ್ಮಲ್ಲಿ ಕೆಲವರು ನೋಡಿರಬಹುದು. 1907ರಲ್ಲಿ ಕಟ್ಟಿ ಮುಗಿಸಿದ ಹಿರಿಯೂರಿನ ಮಾರಿಕಣಿವೆ ಕಲ್ಲಿನ ಅಣೆಕಟ್ಟು. ಆದರೆ ಕಾಲುವೆಯ ಏರಿಗಳು ಮಣ್ಣಿನವು. ಒಂದು ಮೀಟರ್ ಮಣ್ಣನ್ನು ಒಮ್ಮೆಗೇ ಸುರಿದು ಮೇಲೆ ರೋಲರ್ ಓಡಿಸಿದರೆ ಒತ್ತಡ ತಳದವರೆಗೆ ಸರಿಯಾಗಿ ಇಳಿಯುವುದಿಲ್ಲ. ಒಳಗೆ ಪೊಳ್ಳು ಉಳಿದು ಮುಂದೆ ನೀರು ಸೋರುತ್ತದೆ. ಅದಕ್ಕೇ ಗೇಣು ದಪ್ಪದ ಪದರ ಹಾಸುವುದು, ಅದಕ್ಕೆ ಬೇಕಾದಷ್ಟೇ ನೀರು ಚಿಮುಕಿಸಿ ರೋಲರ್ ಓಡಿಸುವುದು, ಆಮೇಲೆ ಮುಂದಿನ ಪದರ. ತಳ್ಳುವ ಟ್ರೈಲರ್ ಇದ್ದರೆ, ಗುಡ್ಡೆ ಹಾಕಿದ್ದನ್ನು ಬೇರೊಂದು ಯಂತ್ರ ತಂದು ಹರಡುವ ಕೆಲಸದಲ್ಲಿ ಬಹುಪಾಲು ಉಳಿತಾಯವಾಗುತ್ತದೆ.

ಇಂಥ ತೊಟ್ಟಿಗಳನ್ನು ಹೊರುವ ಗಾಡಿಗಳಲ್ಲಿ ಒಂದು ನಡು ಬಾಗುವ ಡಂಪರ್, ಅಂದರೆ ಆರ್ಟಿಕ್ಯುಲೇಟೆಡ್ ಡಂಪರ್. ಅದರ ಹುಟ್ಟು ಕೇಳಿ. 1966ರಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿ ಡಿಆರ್ 631 ಎಂಬ ಗಾಡಿಯನ್ನು ತಂದಿತು. ಅದಕ್ಕೂ ಮುಂಚೆ ಅಲ್ಲಿ ಮಣ್ಣು ಹೊರುತ್ತಿದ್ದುದು ನಮ್ಮಲ್ಲಿರುವಂಥದೇ ಟ್ರ್ಯಾಕ್ಟರ್ ಮತ್ತು ಟ್ರೈಲರ್. ಎಂಜಿನಿಯರುಗಳು ಟ್ರ್ಯಾಕ್ಟರಿನ ಮುಂದಿನ ಸಣ್ಣ ಚಕ್ರಗಳನ್ನೇ ತೆಗೆದು, ಉಳಿದ ಭಾಗವನ್ನು ಟ್ರೈಲರಿಗೆ ಕೀಲಿನಿಂದ ಶಾಶ್ವತವಾಗಿ ಜೋಡಿಸಿದರು. ಅದು 10 ಟನ್ ಹೊರುತ್ತಿತ್ತು. ಹೊಸದುರ್ಗದ ಕೆರೆಯಲ್ಲಿ ಹೂಳು ಹೊರುವ ಟ್ರ್ಯಾಕ್ಟರಿಗೂ ಈ ದೈತ್ಯನಿಗೂ ನೆಂಟಸ್ತಿಕೆ ಇದೆ ಎಂಬುದು ನನಗೆ ನಿಜಕ್ಕೂ ಸಂತೋಷದ ಸಂಗತಿ. ಇಂದಿನ ದೊಡ್ಡ ಮಾದರಿಗಳು 40 ಟನ್, ಅದಕ್ಕಿಂತ ಹೆಚ್ಚೂ ಹೊರುತ್ತವೆ. ನಮ್ಮ ಎಕರೆ ತೋಟಕ್ಕೆ ಅಂಥದ್ದರ ಐದು ಲೋಡು ಸಾಕು!

ಆ ಕೀಲು ಎರಡು ಕೆಲಸ ಮಾಡುತ್ತದೆ. ಎಡ ಬಲದ ಜಾಕಿಗಳು ಗಾಡಿಯನ್ನೇ ನಡುವೆ ಬಗ್ಗಿಸಿ ದಿಕ್ಕು ಬದಲಿಸುತ್ತವೆ. ಜೊತೆಗೆ ಮುಂಭಾಗ, ಹಿಂಭಾಗ ಬೇರೆ ಬೇರೆಯಾಗಿ ಎಡಕ್ಕೂ ಬಲಕ್ಕೂ ವಾಲಬಲ್ಲವು. ಏರುಪೇರು ನೆಲದ ಮೇಲೆ ನಾಲ್ಕು ಕಾಲಿನ ಸ್ಟೂಲು ಇಟ್ಟರೆ ಒಂದು ಕಾಲು ಗಾಳಿಯಲ್ಲಿ ಉಳಿಯುವುದಿಲ್ಲವೇ, ಬಿಗಿ ಚಾಸಿಯ, ಅಂದರೆ ನಡು ಬಾಗದ ಚೌಕಟ್ಟಿನ, ಲಾರಿಯ ಚಕ್ರಕ್ಕೂ ಹಾಗಾಗುತ್ತದೆ. ನೆಲ ಮುಟ್ಟದ ಚಕ್ರ ಸುಮ್ಮನೆ ತಿರುಗುತ್ತದೆ, ಗಾಡಿಯನ್ನು ನೂಕುವುದಿಲ್ಲ. ಕೀಲಿರುವ ಡಂಪರಿನ ಚಕ್ರಗಳು ಹಳ್ಳದಲ್ಲೂ ದಿಬ್ಬದಲ್ಲೂ ಸುಲಭವಾಗಿ ನೆಲವನ್ನು ಬಿಡುವುದಿಲ್ಲ. ಅಕಸ್ಮಾತ್ ಹಿಂದಿನ ತೊಟ್ಟಿ ಮಗುಚಿದರೂ ಮುಂದಿನ ಕ್ಯಾಬಿನ್ ನೆಟ್ಟಗೆ ನಿಲ್ಲುವ ಸಾಧ್ಯತೆ ಇದೆ. ಡ್ರೈವರನ ಜೀವ ಉಳಿಸಬಲ್ಲ ಕೀಲು ಅದು.

ನಡು ಬಾಗುವ ಡಂಪರೂ ತಳ್ಳುವ ತೊಟ್ಟಿಯೂ ಇಷ್ಟು ಒಳ್ಳೆಯವಾದರೆ ಭೀಮಸಮುದ್ರದ ಸುತ್ತಿನ ಕಬ್ಬಿಣದ ಅದಿರಿಗೂ ಇವನ್ನೇ ಬಳಸಬಹುದಲ್ಲ ಎಂದು ನೀವು ಕೇಳಬಹುದು. ಅದಿರಿನ ಸ್ವಭಾವ ಬೇರೆ. ಹೆಮಟೈಟ್ ಎಂಬ ಅದಿರು ನೀರಿಗಿಂತ ಐದು ಪಟ್ಟು ಭಾರ. ತೊಟ್ಟಿ ಅರ್ಧ ತುಂಬಿದಂತೆ ಕಾಣುವಾಗಲೇ ಲಾರಿಯ ಲೋಡು ಮುಗಿದಿರುತ್ತದೆ. ಗಟ್ಟಿ ಅದಿರು ಎರೆಯಂತೆ ಅಂಟುವುದೂ ಇಲ್ಲ, ಎತ್ತಿದರೆ ತಾನೇ ಜಾರುತ್ತದೆ. ಗಣಿಯ ದಾರಿಯೂ ಸಾಮಾನ್ಯವಾಗಿ ಗಟ್ಟಿ. ಅಂಥ ಕಡೆಗೆ ಬಿಗಿ ಚಾಸಿಯ ಡಂಪರುಗಳೇ ಸರಿ. ನಮ್ಮ ಮೈಸೂರಿನ ಬೆಮೆಲ್ ಕಾರ್ಖಾನೆಯಲ್ಲಿ ಅಂಥವನ್ನು ತಯಾರಿಸುತ್ತಾರೆ. ಜೊತೆಗೆ, ತಳ್ಳುವ ಗೋಡೆ ಮತ್ತು ಅದರ ಜಾಕಿ ಗಾಡಿಗೇ ಹೆಚ್ಚುವರಿ ತೂಕ, ಅಷ್ಟು ಮಾಲು ಕಡಿಮೆ ಹೊರಬೇಕಾಗುತ್ತದೆ. ಕಲ್ಲು, ಅದಿರು ಉಜ್ಜಿ ಉಜ್ಜಿ ಗೋಡೆಯ ಅಂಚೂ ತೊಟ್ಟಿಯ ತಳವೂ ಬೇಗ ಸವೆಯುತ್ತವೆ. ಆ ಖರ್ಚು, ಆ ತೂಕ ಹೊರುವುದಕ್ಕೆ ಅರ್ಥವಿರುವುದು ಮಣ್ಣು ಹಸಿಯಾಗಿ ಅಂಟುವಾಗ, ಇಲ್ಲವೇ ಅದನ್ನು ತೆಳುವಾಗಿ ಹಾಸಬೇಕಾದಾಗ.