ಆಪತ್ಕಾಲದಲ್ಲಿ ಫೋನು: ಎರಡನೆಯ ದಾರಿ ಇರಲಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ಫೋನ್ ಮಾಡಿ, “ಸರ್, ನೀವು ದೂರವಾಣಿ ಕೆಲಸದಾಗ ಮೂವತ್ತು ವರ್ಷ ಕಳೆದೀರಿ. ಅದರ ಬಗ್ಗೆನೇ ಹೇಳ್ರಿ, ಆದ್ರ ಹುಡುಗರಿಗೆ ತಿಳಿಯೋ ಹಂಗ ಹೇಳ್ರಿ” ಎಂದರು. ಹಾಗಾಗಿ ಒಂದೇ ಪ್ರಶ್ನೆ ಎತ್ತಿಕೊಂಡು ಬಂದಿದ್ದೇನೆ. ದಿನಾ ಚೆನ್ನಾಗಿರುವ ಫೋನು, ಹೊಳೆ ಬಂದ ದಿನ, ಗಾಳಿ-ಮಳೆಯ ದಿನ, ಅಂದರೆ ನಿಜವಾಗಿ ಬೇಕಾದ ದಿನವೇ ಯಾಕೆ ಕೈ ಕೊಡುತ್ತದೆ? ಕೈ ಕೊಡದಂತೆ ಇಡಲು ಏನು ಮಾಡಬೇಕು?

ಇದರ ಅರ್ಧ ಉತ್ತರ ನಮ್ಮ ಹಟ್ಟಿಯಲ್ಲೇ, ನೆಲದಡಿಯಲ್ಲಿದೆ. ನನ್ನ ತಂದೆ ಗಣಿಯಲ್ಲಿ ಶಾಫ್ಟಿನ ಬಾಯಿಗೆ ನಿಂತು ಗಂಟೆ ಕೊಡುವ ಕೆಲಸ ಮಾಡುತ್ತಿದ್ದರು. ಕೇಜು ಇಳಿಸಲು, ಏರಿಸಲು, ಜನ ಹತ್ತಲು ಬೇರೆ ಬೇರೆ ಗಂಟೆ. ಓಡುತ್ತಿರುವಾಗ ಒಂದೇ ಒಂದು ಗಂಟೆ ಬಡಿದರೆ ನಿಲ್ಲಿಸು ಎಂದು ಅರ್ಥ. ನಾನು ಚಿಕ್ಕವನಿದ್ದಾಗ ಅವರನ್ನು ಕೇಳಿದ್ದೆ: “ಅಪ್ಪಾ, ಕೇಜು ಕೆಟ್ಟರೆ ಕೆಳಗಿದ್ದವರು ಹೆಂಗ ಬರ್ತಾರ?” ಅವರು ನಕ್ಕು, “ಇನ್ನೊಂದು ದಾರಿ ಐತಿ” ಎಂದರು. ದೊಡ್ಡವನಾದ ಮೇಲೆ ತಿಳಿಯಿತು, ಅದು ಕಾನೂನು. ನೆಲದಡಿ ಜನ ದುಡಿಯುವ ಗಣಿಗೆ ಮೇಲೆ ಬರಲು ಕನಿಷ್ಠ ಎರಡು ದಾರಿ ಇರಲೇಬೇಕು. ಎರಡನೆಯ ದಾರಿಯಲ್ಲಿ ದಿನಾ ಯಾರೂ ಓಡಾಡದಿದ್ದರೂ ಅದನ್ನು ನೋಡಿಕೊಳ್ಳಬೇಕು, ಅಡ್ಡ ಬಿದ್ದ ಕಲ್ಲು ತೆಗೆಯಬೇಕು, ಏಣಿ ಗಟ್ಟಿ ಇದೆಯೇ ನೋಡಬೇಕು.

ಇನ್ನೊಂದು ಉದಾಹರಣೆ ಮಸ್ಕಿಯದು. ಅಲ್ಲಿಯ ಅಶೋಕನ ಶಾಸನವನ್ನು 1915ರಲ್ಲಿ ಕಂಡುಹಿಡಿದವರು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು. ಅಶೋಕನ ಹೆಸರೇ ಇರುವ ಶಾಸನ ಎಂದು ಅದಕ್ಕೆ ಖ್ಯಾತಿ. ನನಗೆ ಹಿಡಿಸಿದ ಸಂಗತಿ ಬೇರೆ. ಅದೇ ಆಜ್ಞೆಯನ್ನು ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, ಹೀಗೆ ಹಲವು ಕಡೆ ಕೊರೆಸಿದ್ದಾರೆ. ಒಂದು ಬಂಡೆ ಒಡೆದರೂ ಮಾತು ಉಳಿಯುತ್ತದೆ. ಸಂದೇಶ ಮುಖ್ಯವಾಗಿದ್ದರೆ ಅದನ್ನು ಒಂದೇ ಜಾಗದಲ್ಲಿ, ಒಂದೇ ದಾರಿಯಲ್ಲಿ ಬಿಡಬಾರದು. ದೂರಸಂಪರ್ಕದ ವಿದ್ಯೆಯಲ್ಲಿ ನಾನು ಕಲಿತ ಮೊದಲ ಪಾಠವೂ ಕೊನೆಯ ಪಾಠವೂ ಇದೇ.

ಈಗ ಟವರಿನ ಹತ್ತಿರ ಬರೋಣ. ಟವರು ಎಂದರೆ ನಮಗೆ ಕಾಣುವುದು ಕಬ್ಬಿಣದ ಕಂಬ. ಬಿರುಗಾಳಿಗೆ ಆ ಕಂಬ ಬೀಳುವುದೂ ಉಂಟು, ಆದರೆ ಹೆಚ್ಚಿನ ಸಲ ಕಂಬ ನೆಟ್ಟಗೆ ನಿಂತಿರುವಾಗಲೇ ಫೋನು ಸಾಯುತ್ತದೆ. ಅದು ಸಾಯುವುದು ಮೂರು ಕಾರಣಕ್ಕೆ.

ಮೊದಲನೆಯದು ಕರೆಂಟು. ಟವರಿನ ಯಂತ್ರ ನಡೆಯುವುದು 48 ವೋಲ್ಟ್ ಬ್ಯಾಟರಿಯ ಮೇಲೆ. ಲೈನಿನ ಕರೆಂಟು ಆ ಬ್ಯಾಟರಿಯನ್ನು ತುಂಬುತ್ತಿರುತ್ತದೆ. ಕರೆಂಟು ಹೋದರೆ ಬ್ಯಾಟರಿ ಕೆಲವು ತಾಸು ಎಳೆಯುತ್ತದೆ, ಆಮೇಲೆ ಡೀಸೆಲ್ ಜನರೇಟರ್ ಓಡಬೇಕು. ಹಳ್ಳ ಬಂದು ರಸ್ತೆ ಕಟ್ಟಾದರೆ ಡೀಸೆಲ್ ಎಲ್ಲಿಂದ ಬರಬೇಕು? ಹಿರಿಯರಿಗೆ ನೆನಪಿರಬಹುದು, ಹಿಂದಿನ ಕಪ್ಪು ಫೋನು ಮನೆಯಲ್ಲಿ ಕರೆಂಟು ಇಲ್ಲದಿದ್ದರೂ ಕೆಲಸ ಮಾಡುತ್ತಿತ್ತು. ಅದಕ್ಕೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ ಬರುತ್ತಿತ್ತು. ಈಗ ಮನೆಗೆ ಬರುವ ಫೈಬರ್ ಎಳೆಯಲ್ಲಿ ಬೆಳಕು ಬರುತ್ತದೆ, ಕರೆಂಟು ಬರುವುದಿಲ್ಲ. ಮನೆಯ ಕರೆಂಟು ಹೋದರೆ ಆ ಪೆಟ್ಟಿಗೆಯೂ ಕಣ್ಣು ಮುಚ್ಚುತ್ತದೆ.

ಎರಡನೆಯದು ಫೈಬರ್ ಕೇಬಲ್. ನಿಮ್ಮ ಮಾತು ಟವರಿನಿಂದ ಮುಂದಕ್ಕೆ ಹೋಗುವುದು ಬಹುತೇಕ ನೆಲದಡಿಯ ಕೇಬಲಿನಲ್ಲಿ. ಹೊಳೆ ದಾಟುವಾಗ ಅದನ್ನು ಸೇತುವೆಗೆ ಕಟ್ಟಿರುತ್ತಾರೆ. ಸೇತುವೆ ಮುಳುಗಿದರೆ, ರಸ್ತೆಬದಿ ಕೊರೆದರೆ ಕೇಬಲ್ ತುಂಡಾಗುತ್ತದೆ. ಅದಕ್ಕೇ ಕೇಬಲನ್ನು ಉಂಗುರದಂತೆ ಸುತ್ತು ಹಾಕಿ ಎಳೆಯುತ್ತಾರೆ. ಒಂದು ಕಡೆ ತುಂಡಾದರೆ ಮಾತು ಇನ್ನೊಂದು ಕಡೆಯಿಂದ ತಿರುಗಿ ಹೋಗುತ್ತದೆ. ಆದರೆ ಉಂಗುರದ ಎರಡೂ ಮಗ್ಗುಲು ಒಂದೇ ಸೇತುವೆಯ ಮೇಲಿದ್ದರೆ ಅದು ನಕ್ಷೆಯಲ್ಲಿ ಮಾತ್ರ ಉಂಗುರ.

ಮೂರನೆಯದು ನೂಕುನುಗ್ಗಲು. ಒಂದು ಟವರು ಒಂದೇ ಹೊತ್ತಿಗೆ ಇಷ್ಟೇ ಕರೆ ತಡೆಯುತ್ತದೆ ಎಂಬ ಮಿತಿ ಇದೆ. ಹೊಳೆ ಬಂತು ಎಂದ ಕೂಡಲೇ ಇಡೀ ಊರು ಒಟ್ಟಿಗೆ ಫೋನ್ ಹಚ್ಚುತ್ತದೆ. ಜಾತ್ರೆಯ ದಿನದ ಬಸ್ಸಿನಂತೆ, ಹತ್ತಲೇಬೇಕಾದವರಿಗೆ ಜಾಗ ಸಿಗುವುದಿಲ್ಲ. ಅಂಥ ಹೊತ್ತಿನಲ್ಲಿ ಕರೆ ಮಾಡುವ ಬದಲು ಎಸ್ಸೆಮ್ಮೆಸ್ ಕಳಿಸಿ. ಅದಕ್ಕೆ ಬೇಕಾದ ಜಾಗ ತೀರ ಸಣ್ಣದು. ಈಗ ಹೋಗದಿದ್ದರೆ ಸ್ವಲ್ಪ ಹೊತ್ತಿನ ಮೇಲೆ ಜಾಗ ಸಿಕ್ಕಾಗ ಹೋಗುತ್ತದೆ.

ಇಷ್ಟನ್ನೂ ಪುಸ್ತಕದಲ್ಲಿ ಓದಬಹುದು. ಪುಸ್ತಕದಲ್ಲಿ ಸಿಗದ ಒಂದು ಮಾತು ಇಂದು ಇಲ್ಲಿ ಹೇಳಬೇಕು. ಮೂವತ್ತು ವರ್ಷದ ಸರ್ವಿಸಿನಲ್ಲಿ ಇದನ್ನು ಯಾವ ಸಭೆಯಲ್ಲೂ ಹೇಳಿಲ್ಲ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಯನ್ನು ನೀವು ಯಾರೂ ಮರೆತಿಲ್ಲ. ಕೃಷ್ಣೆ, ತುಂಗಭದ್ರೆ ಎರಡೂ ಉಕ್ಕಿದವು. ಅಕ್ಟೋಬರ್ 2ರಂದು ಮಂತ್ರಾಲಯದಲ್ಲಿ ನೀರು ನುಗ್ಗಿತು. ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳು ನೀರಿನಲ್ಲಿ ನಿಂತವು, ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆಗ ನಾನು ಹೊಳೆಗೆ ಹತ್ತಿರದ ಒಂದು ಸಣ್ಣ ಎಕ್ಸ್‌ಚೇಂಜ್ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಒಂದು ಜನರೇಟರ್ ಇತ್ತು. ವಾರಕ್ಕೊಮ್ಮೆ ಅದನ್ನು ಓಡಿಸಿ ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ನಾನು ಸಹಿಯನ್ನು ತಪ್ಪಿಸಿರಲಿಲ್ಲ. ಓಡಿಸಿ ನೋಡುವುದನ್ನು ಬಿಟ್ಟು ಆರು ತಿಂಗಳಾಗಿತ್ತು.

ಆ ಸಂಜೆ ಕರೆಂಟು ಹೋಯಿತು. ಬ್ಯಾಟರಿ ಆರು ತಾಸು ಎಳೆದವು. ರಾತ್ರಿ ಜನರೇಟರ್ ಹಚ್ಚಲು ಹೋದರೆ ಸದ್ದೇ ಇಲ್ಲ. ಡ್ರಮ್ಮಿನ ತುಂಬ ಡೀಸೆಲ್ ಇತ್ತು. ಸತ್ತಿದ್ದು ಅದನ್ನು ಚಾಲೂ ಮಾಡುವ ಸಣ್ಣ ಬ್ಯಾಟರಿ. ಹನ್ನೆರಡರ ಸುಮಾರಿಗೆ ಎಕ್ಸ್‌ಚೇಂಜ್ ಮೂಕವಾಯಿತು.

ಸ್ವಲ್ಪ ಹೊತ್ತಿಗೆ ಒಬ್ಬ ಹಿರಿಯರು ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಂದರು. ಕೈಯಲ್ಲಿ ತೋಯ್ದ ಚೀಟಿ, ಅದರಲ್ಲಿ ಒಂದು ನಂಬರು. “ತಮ್ಮಾ, ಆಚೀ ದಂಡ್ಯಾಗ ನನ್ನ ಮಗಳ ಮನಿ ಐತಿ. ನೀರು ಬರಾಕ ಹತ್ತೈತಿ, ಮ್ಯಾಲ ಹೋಗ್ರಿ ಅಂತ ಒಂದ್ ಮಾತು ಹೇಳಿಬಿಡು” ಎಂದರು. “ಲೈನ್ ಇಲ್ರಿ ಯಜಮಾನ್ರ” ಎಂದೆ. ಯಾಕಿಲ್ಲ ಎಂದು ಅವರು ಕೇಳಲಿಲ್ಲ. ಮಳೆಗೆ ಹೋಗಿದೆ ಎಂದೇ ತಿಳಿದುಕೊಂಡರು. ನಾನೂ ಹೇಳಲಿಲ್ಲ. ಲೈನ್ ಬಂದರೆ ಮೊದಲು ತಮ್ಮದೇ ಹಚ್ಚಬೇಕು ಎಂದು ಬಾಗಿಲ ಕಟ್ಟೆಯ ಮೇಲೆ ಬೆಳತನಕ ಕೂತರು.

ಬೆಳಿಗ್ಗೆ ಊರವರೊಬ್ಬರ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಜನರೇಟರ್ ಹಚ್ಚಿದೆವು. ಅಷ್ಟೊತ್ತಿಗೆ ನಸುಕಿನಲ್ಲಿ ಸೇತುವೆ ಮುಳುಗಿ ಕೇಬಲ್ ಹೋಗಿತ್ತು. ಅಂದರೆ ಆ ರಾತ್ರಿಯೆಲ್ಲ ದಾರಿ ತೆರೆದೇ ಇತ್ತು. ನನ್ನ ಜನರೇಟರ್ ಓಡಿದ್ದರೆ ಆ ಒಂದು ಮಾತು ದಾಟಿ ಹೋಗುತ್ತಿತ್ತು. ಮಗಳ ಮನೆಯವರು ಗುಡಿಯ ಮಾಳಿಗೆ ಏರಿ ಬದುಕಿಕೊಂಡರು ಎಂಬ ಸುದ್ದಿ ಎರಡು ದಿನದ ಮೇಲೆ ಬಂತು. ಅವರು ಉಳಿದದ್ದು ಅವರ ಪುಣ್ಯ, ಅದರಲ್ಲಿ ನನ್ನ ಪಾಲು ಏನೂ ಇಲ್ಲ. ಅಂದಿನಿಂದ ನಾನು ನೋಡದೆ ಸಹಿ ಹಾಕಿಲ್ಲ. ಮಕ್ಕಳೇ, ನೀವು ಮುಂದೆ ಯಾವ ಕೆಲಸಕ್ಕೇ ಸೇರಿರಿ, ಈ ಮಾತು ನೆನಪಿಡಿ. ಓಡಿಸಿ ನೋಡದ ಜನರೇಟರ್ ಇದ್ದೂ ಇಲ್ಲದಂತೆ.

ಈಗ ಪರಿಸ್ಥಿತಿ ಸುಧಾರಿಸಿದೆ. 2023ರ ಅಕ್ಟೋಬರ್ 12ರಂದು ರಾಜ್ಯದಲ್ಲೆಲ್ಲ ಫೋನುಗಳು ಒಮ್ಮೆಲೇ ವಿಚಿತ್ರವಾಗಿ ಕೂಗಿದ್ದು ನೆನಪಿದೆಯೇ? ಕೆಲವರು ಹೆದರಿ ಫೋನು ಎಸೆದರಂತೆ. ಅದು ತುರ್ತು ಎಚ್ಚರಿಕೆಯ ಪರೀಕ್ಷೆ. ಆ ಸಂದೇಶ ಒಬ್ಬೊಬ್ಬರ ನಂಬರಿಗೆ ಹೋಗುವುದಿಲ್ಲ. ಟವರು ಡಂಗುರ ಸಾರಿದ ಹಾಗೆ ತನ್ನ ವ್ಯಾಪ್ತಿಯ ಎಲ್ಲ ಫೋನುಗಳಿಗೂ ಒಂದೇ ಏಟಿಗೆ ಹೇಳುತ್ತದೆ. ಹಾಗಾಗಿ ನೂಕುನುಗ್ಗಲು ಅದಕ್ಕೆ ಅಡ್ಡಿಯಿಲ್ಲ. ಇನ್ನೊಂದು ಅನುಕೂಲವೆಂದರೆ, ಆಪತ್ತಿನಲ್ಲಿ ಒಂದು ಕಂಪನಿಯ ಟವರು ಸತ್ತರೆ ಇನ್ನೊಂದು ಕಂಪನಿಯ ಟವರಿನಿಂದ ಮಾತಾಡಲು ಸರ್ಕಾರ ಅವಕಾಶ ಮಾಡಿಸುತ್ತದೆ. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಚಂಡಮಾರುತ ಗುಜರಾತಿಗೆ ಅಪ್ಪಳಿಸಿದಾಗ ಹೀಗೆ ಮಾಡಿದ್ದರು. ಆದರೆ ಎರಡಕ್ಕೂ ಒಂದು ಷರತ್ತಿದೆ: ಊರಿನಲ್ಲಿ ಕನಿಷ್ಠ ಒಂದು ಟವರಾದರೂ ಜೀವದಿಂದಿರಬೇಕು.

ಒಂದೂ ಇಲ್ಲದಿದ್ದರೆ? 2004ರ ಡಿಸೆಂಬರ್ 26ರ ಸುನಾಮಿ ಅಂಡಮಾನ್ ದ್ವೀಪಗಳ ಸಂಪರ್ಕವನ್ನು ಕಡಿದುಹಾಕಿತು. ಭಾರತಿ ಪ್ರಸಾದ್ ಎಂಬ ಹವ್ಯಾಸಿ ರೇಡಿಯೋ ಗೃಹಿಣಿಯೊಬ್ಬರು ತಮ್ಮ ತಂಡದೊಂದಿಗೆ ಆಗ ಪೋರ್ಟ್ ಬ್ಲೇರಿನಲ್ಲಿದ್ದರು. ಹವ್ಯಾಸಕ್ಕೆಂದು ಒಯ್ದಿದ್ದ ರೇಡಿಯೋದಿಂದಲೇ ಅವರು ಅಲ್ಲಿನ ಜನರ ಕ್ಷೇಮ ಸಮಾಚಾರವನ್ನು ದೇಶಕ್ಕೆ ಮುಟ್ಟಿಸಿದರು. ಇದನ್ನು ಹ್ಯಾಮ್ ರೇಡಿಯೋ ಎನ್ನುತ್ತಾರೆ. ಟವರು ಬೇಡ, ಕೇಬಲ್ ಬೇಡ. ಒಂದು ಬ್ಯಾಟರಿ, ಒಂದು ತಂತಿ, ಕಲಿತ ಒಬ್ಬ ಮನುಷ್ಯ ಇದ್ದರೆ ಆಯಿತು. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಲೈಸೆನ್ಸ್ ಪಡೆಯಬಹುದು. ನನ್ನೆದುರು ಕುಳಿತಿರುವ ಎಂಟನೆಯ ತರಗತಿಯವರಿಗೆಲ್ಲ ಆ ವಯಸ್ಸಾಗಿದೆ.

ಇದೆಲ್ಲ ಹಟ್ಟಿಗೆ ಯಾಕೆ, ನಾವು ಎತ್ತರದಲ್ಲಿದ್ದೇವಲ್ಲ ಎಂದು ಯಾರಾದರೂ ಅನ್ನಬಹುದು. 2019ರ ಆಗಸ್ಟ್ ನೆನಪಿಸಿಕೊಳ್ಳಿ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ನಮ್ಮದೇ ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ ಆಚೆಯ ಊರುಗಳಿಗೆ ದಾರಿ ಇಲ್ಲವಾಯಿತು. ನಡುಗಡ್ಡೆಗಳಲ್ಲಿ ಜನ, ದನ ಸಿಕ್ಕಿಕೊಂಡರು. ಆ ಊರುಗಳಿಗೆ ಮಗಳನ್ನು ಕೊಟ್ಟವರು, ಅಲ್ಲಿಂದ ಸೊಸೆ ತಂದವರು ಈ ಸಭೆಯಲ್ಲೇ ಇದ್ದೀರಿ.

ಹಾಗಾಗಿ ಹಳೆಯ ವಿದ್ಯಾರ್ಥಿಗಳಿಗೆ ನನ್ನ ಬಿನ್ನಹ. ಐವತ್ತನೆಯ ವರ್ಷದ ನೆನಪಿಗೆ ಕಮಾನು ಕಟ್ಟಿಸೋಣ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಶಾಲೆಯ ಮಾಳಿಗೆಯ ಮೇಲೆ ಸೋಲಾರ್ ಫಲಕ, ಕೆಳಗೆ ಬ್ಯಾಟರಿ ಇಡಿಸೋಣ. ಕರೆಂಟು ಹೋದ ದಿನ ಊರವರ ಫೋನು ಇಲ್ಲಿ ಚಾರ್ಜ್ ಆಗಲಿ. ತಹಶೀಲ್ದಾರ ಕಚೇರಿ, ಪೊಲೀಸ್ ಠಾಣೆ, ಆಸ್ಪತ್ರೆ, ವಿದ್ಯುತ್ ಕಚೇರಿ, ಹೊಳೆದಂಡೆಯ ಪ್ರತಿ ಊರಿನ ಇಬ್ಬರು ಹಿರಿಯರು, ಇವರೆಲ್ಲರ ನಂಬರನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸೋಣ. ಫೋನಿನೊಳಗಿರುವ ನಂಬರು ಫೋನು ಸತ್ತರೆ ಸತ್ತಂತೆಯೇ. ಟವರಿನ ಕೀಲಿ ಯಾರ ಹತ್ತಿರ ಇದೆ, ಮಳೆಗಾಲಕ್ಕೆ ಡೀಸೆಲ್ ಎಷ್ಟು ಇಟ್ಟಿದ್ದಾರೆ ಎಂದು ಪ್ರತಿ ಮೇ ತಿಂಗಳಲ್ಲಿ ಹೋಗಿ ಕೇಳೋಣ. ಗುಡಿಯ ಮೈಕು, ಮಸೀದಿಯ ಮೈಕು, ಡಂಗುರದ ಹಲಗೆ, ಇವೂ ನಮ್ಮ ಎರಡನೆಯ ದಾರಿಗಳೇ. ವಿಜ್ಞಾನದ ಗುರುಗಳು ಒಪ್ಪಿದರೆ ವರ್ಷಕ್ಕೆ ಇಬ್ಬರು ಮಕ್ಕಳಿಗೆ ಹ್ಯಾಮ್ ಪರೀಕ್ಷೆಯ ಶುಲ್ಕ ಕಟ್ಟುವುದು, ಪಾಠ ಹೇಳುವುದು ನನ್ನ ಪಾಲು. ನಿವೃತ್ತನಾದವನಿಗೆ ಬೇರೇನು ಕೆಲಸ?

ಕೊನೆಗೆ, ಪ್ರತಿ ವರ್ಷ ಜೂನ್ ಮೊದಲ ಶನಿವಾರ ಒಂದು ತಾಸು ಇದನ್ನೆಲ್ಲ ಹಚ್ಚಿ ನೋಡಬೇಕು. ಬ್ಯಾಟರಿ ಹಿಡಿಯುತ್ತದೆಯೇ, ಗೋಡೆಯ ನಂಬರಿಗೆ ಯಾರಾದರೂ ಎತ್ತುತ್ತಾರೆಯೇ, ಮೈಕು ಕೊನೆಯ ಓಣಿಗೆ ಕೇಳುತ್ತದೆಯೇ ನೋಡಬೇಕು. ನೋಡಿದ ಮೇಲೆ ಒಬ್ಬ ವಿದ್ಯಾರ್ಥಿ ರಿಜಿಸ್ಟರಿನಲ್ಲಿ ಸಹಿ ಹಾಕಲಿ. ಆ ರಿಜಿಸ್ಟರನ್ನು ನಾನೇ ಕೊಂಡು ತಂದಿದ್ದೇನೆ. ಮುಖ್ಯೋಪಾಧ್ಯಾಯರು ದಯವಿಟ್ಟು ಸ್ವೀಕರಿಸಬೇಕು. ಮೊದಲ ಪುಟ ಖಾಲಿ ಇದೆ.