ಕಡಲು ಸೇರುವ ನೀರು ವ್ಯರ್ಥವೆ?

ಮಲೆನಾಡಿನಲ್ಲಿ ಮುಂಗಾರು ಬಿಡದೆ ಸುರಿಯುವ ದಿನಗಳಲ್ಲಿ, ನಮ್ಮ ಬಯಲುಸೀಮೆಯ ಊರುಗಳಲ್ಲಿ ಒಂದು ಮಾತು ವರ್ಷವರ್ಷವೂ ಕೇಳಿಬರುತ್ತದೆ: “ಅಷ್ಟೊಂದು ನೀರು ಸುಮ್ಮನೆ ಸಮುದ್ರಕ್ಕೆ ಹರಿದು ವ್ಯರ್ಥವಾಗುತ್ತಿದೆಯಲ್ಲ!” ಈ ಮಾತಿನಲ್ಲಿ ನೋವುಂಟು, ನ್ಯಾಯವೂ ಉಂಟು. ಸಾವಿರ ಅಡಿ ಕೊರೆದರೂ ಕೊಳವೆ ಬಾವಿಯಲ್ಲಿ ನೀರು ಕಾಣದ ಕೋಲಾರದ ರೈತ ಪಡುವಣದ ತುಂಬು ಹೊಳೆಗಳನ್ನು ನೆನೆದು ನಿಟ್ಟುಸಿರಿಟ್ಟರೆ ಅದರಲ್ಲಿ ತಪ್ಪೇನು? ನೇತ್ರಾವತಿಯ ಉಪಹೊಳೆಗಳಿಂದ 24 ಟಿ.ಎಂ.ಸಿ. ನೀರನ್ನು ಮೂಡಣಕ್ಕೆ ಒಯ್ಯುವ ಎತ್ತಿನಹೊಳೆ ಯೋಜನೆ ಹುಟ್ಟಿದ್ದೂ ಇಂಥ ನಿಟ್ಟುಸಿರಿನಿಂದಲೇ. ಅದರ ಮೊದಲ ಹಂತಕ್ಕೆ 2024ರಲ್ಲಿ ಚಾಲನೆ ದೊರೆಯಿತು. ಬಾಯಾರಿದವರಿಗೆ ನೀರು ಬೇಡವೆನ್ನುವುದು ನನ್ನ ಉದ್ದೇಶವಲ್ಲ. ‘ವ್ಯರ್ಥ’ ಎಂಬ ಒಂದೇ ಒಂದು ಶಬ್ದವನ್ನು ಮಾತ್ರ ಇಂದು ಸ್ವಲ್ಪ ಹತ್ತಿರದಿಂದ ನೋಡೋಣ. ಹೊಳೆಯ ನೀರು ಕಡಲನ್ನು ಸೇರಿದ ಮೇಲೆ, ಅಥವಾ ಸೇರುವ ಮುನ್ನ, ಅದರಿಂದ ಆಗುವ ಕೆಲಸವಾದರೂ ಏನು?

ಘಟ್ಟವಿಳಿದು ಬಂದ ಹೊಳೆ ಕಡಲನ್ನು ಕೂಡುವ ಎಡೆಯನ್ನು ಕರಾವಳಿಯವರು ಅಳಿವೆ ಎಂದು ಕರೆಯುತ್ತಾರೆ. ಭೂಪಟದಲ್ಲಿ ನೆಲವೆಲ್ಲಿ ಮುಗಿಯಿತು, ನೀರೆಲ್ಲಿ ತೊಡಗಿತು ಎಂಬುದನ್ನು ಒಂದು ಗೆರೆ ತೋರಿಸಿಬಿಡುತ್ತದೆ. ಅಳಿವೆಯ ದಡದಲ್ಲಿ ನಿಂತವನಿಗೆ ಅಂಥ ಗೆರೆ ಎಲ್ಲಿಯೂ ಕಾಣುವುದಿಲ್ಲ. ದಿನಕ್ಕೆ ಎರಡು ಸಲ ಭರತ ಏರಿ ಕಡಲು ಹೊಳೆಯೊಳಕ್ಕೆ ನುಗ್ಗುತ್ತದೆ. ಎರಡು ಸಲ ಇಳಿತದಲ್ಲಿ ಹೊಳೆ ಕಡಲಿಗೆ ಹರಿಯುತ್ತದೆ. ಮಳೆಗಾಲದಲ್ಲಿ ಸಿಹಿನೀರಿನ ರಭಸಕ್ಕೆ ಉಪ್ಪುನೀರು ಹಿಂದೆ ಸರಿಯುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಅದೇ ಉಪ್ಪುನೀರು ಒಳನಾಡಿನ ತೋಟಗಳ ಅಂಚಿನವರೆಗೂ ಏರಿಬರುತ್ತದೆ. ಹೊಳೆ ಘಟ್ಟದ ಕಾಡಿನಿಂದ ತಂದ ಎಲೆಗೊಬ್ಬರ, ಮಣ್ಣಿನ ಸಾರ, ಮರಳು, ಇವೆಲ್ಲ ಇಲ್ಲಿ ತಂಗುತ್ತವೆ. ಆ ಸಾರವನ್ನುಂಡು ಕಣ್ಣಿಗೆ ಕಾಣದ ಸಸ್ಯಾಣುಗಳು ಬೆಳೆಯುತ್ತವೆ. ಅವನ್ನು ಚಿಪ್ಪಿನ ಜೀವಿಗಳೂ ಮರಿಮೀನುಗಳೂ ತಿನ್ನುತ್ತವೆ. ಸೀಗಡಿ ಮೊಟ್ಟೆಯಿಡುವುದು ಕಡಲಿನಲ್ಲಿ. ಅದರ ಮರಿ ಬೆಳೆಯುವುದು ಅಳಿವೆಯ ಕೆಸರಿನಲ್ಲಿ, ಕಾಂಡ್ಲ ಗಿಡಗಳ ಬೇರಿನ ಮರೆಯಲ್ಲಿ. ಬಲಿತ ಮೇಲೆ ಅದು ಮತ್ತೆ ಕಡಲಿಗೆ ಮರಳುತ್ತದೆ. ದೂರದ ಕಡಲಿನಲ್ಲಿ ದೋಣಿಯವರು ಬಲೆಗೆ ಹಾಕಿಕೊಳ್ಳುವ ಸಂಪತ್ತಿಗೆ ತೊಟ್ಟಿಲು ಕಟ್ಟಿರುವುದು ಈ ಅಳಿವೆಗಳಲ್ಲಿ.

ಈ ಮಾತನ್ನು ಪರೀಕ್ಷಿಸಿ ನೋಡಲು ಪ್ರಕೃತಿಯೂ ಮನುಷ್ಯನೂ ಕೂಡಿ ಉತ್ತರ ಕನ್ನಡದಲ್ಲಿ ಒಂದು ಪ್ರಯೋಗಶಾಲೆಯನ್ನೇ ತೆರೆದಿಟ್ಟಂತಿದೆ. ಅಲ್ಲಿ ಎರಡು ಹೊಳೆಗಳು ನೆರೆಹೊರೆಯವು. ಕುಮಟೆಯ ಬಳಿ ಕಡಲು ಸೇರುವ ಅಘನಾಶಿನಿ ಒಂದು. ಅಲ್ಲಿಂದ ದಕ್ಷಿಣಕ್ಕೆ, ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ದಾರಿಯಾಚೆ, ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿ ಇನ್ನೊಂದು. ಎರಡೂ ಘಟ್ಟದ ಮೇಲೆ ಹುಟ್ಟಿದವು, ಎರಡಕ್ಕೂ ಒಂದೇ ಮುಂಗಾರಿನ ಪೋಷಣೆ. ಒಂದಕ್ಕೆ ದೊಡ್ಡ ಅಣೆಕಟ್ಟೆ ಇಲ್ಲ, ಇನ್ನೊಂದಕ್ಕೆ ಉಂಟು.

ಅಘನಾಶಿನಿ ಶಿರಸಿಯ ಪರಿಸರದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ತದಡಿಯ ಬಳಿ ಅಗಲವಾದ ಹಿನ್ನೀರಾಗಿ ಹರಡಿಕೊಳ್ಳುತ್ತದೆ. ಇಳಿತದ ಹೊತ್ತಿನಲ್ಲಿ ಅಲ್ಲಿ ಹೋದರೆ ಸೊಂಟಮಟ್ಟದ ನೀರಿನಲ್ಲಿ ನಿಂತು, ಕಾಲಿನಿಂದ ಕೆಸರನ್ನು ತಡವಿ ಬಳಚು ಆಯುವ ಗಂಡಸರು ಹೆಂಗಸರನ್ನು ಕಾಣಬಹುದು. ದಕ್ಷಿಣ ಕನ್ನಡದವರು ಮರುವಾಯಿ ಎಂದು ಕರೆಯುವ ಚಿಪ್ಪಿನ ಜೀವಿಯೇ ಈ ಬಳಚು. ಬಲೆ ಬೇಡ, ಎಂಜಿನ್ನಿನ ದೋಣಿ ಬೇಡ, ಬ್ಯಾಂಕಿನ ಸಾಲ ಬೇಡ. ಒಂದು ಬುಟ್ಟಿ, ಎರಡು ಕೈ ಇದ್ದರೆ ಆ ದಿನದ ಅನ್ನ ಹುಟ್ಟುತ್ತದೆ. ಈ ಅಳಿವೆ ವರ್ಷವೊಂದಕ್ಕೆ ಸಾವಿರಾರು ಟನ್ನು ಬಳಚು ಕೊಟ್ಟದ್ದುಂಟು. ಇದೇ ನೀರನ್ನು ಪಾತಿಗಳಲ್ಲಿ ನಿಲ್ಲಿಸಿ ಸಾಣಿಕಟ್ಟೆಯವರು ಶತಮಾನಗಳಿಂದ ಉಪ್ಪು ಬೆಳೆಯುತ್ತಿದ್ದಾರೆ.

ಇದೇ ನೀರಿನಲ್ಲಿ ಬತ್ತವೂ ಬೆಳೆಯುತ್ತದೆಂದರೆ ನಗರದ ಕೇಳುಗರು ನಂಬಲಾರರೇನೊ. ಕಗ್ಗವೆಂದರೆ ಸಾಹಿತ್ಯಪ್ರಿಯರಿಗೆ ನೆನಪಾಗುವುದು ಒಂದು ಪದ್ಯಗ್ರಂಥ. ಕುಮಟೆಯ ರೈತನಿಗೆ ಕಗ್ಗವೆಂದರೆ ಉಪ್ಪನ್ನು ತಡೆದುಕೊಂಡು ಬೆಳೆಯುವ ಬತ್ತದ ತಳಿ. ಅಳಿವೆಯ ಅಂಚಿನ ತಗ್ಗುಭೂಮಿಗೆ ಅಲ್ಲಿ ಗಜನಿ ಎಂದು ಹೆಸರು. ಮುಂಗಾರಿನ ಮಳೆ ಗಜನಿಯ ಮಣ್ಣಿನ ಉಪ್ಪನ್ನು ತೊಳೆದುಹಾಕಿದೊಡನೆ ಮೊಳಕೆಯೊಡೆದ ಕಗ್ಗದ ಬೀಜವನ್ನು ಎರಚುತ್ತಾರೆ. ಪೈರು ಎದೆಯೆತ್ತರ ಬೆಳೆದು, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದು. ಕೊಯ್ಯುವಾಗ ತೆನೆಯನ್ನಷ್ಟೇ ಕೊಯ್ದು ದಂಟನ್ನು ಅಲ್ಲಿಯೇ ಬಿಡುತ್ತಾರೆ. ಕೊಯ್ಲು ಮುಗಿದ ಮೇಲೆ ಕಟ್ಟೆಯ ತೂಬನ್ನು ತೆರೆದರೆ ಭರತದ ನೀರಿನೊಡನೆ ಸೀಗಡಿ ಮರಿಗಳು ಒಳಬರುತ್ತವೆ. ಕೊಳೆತ ದಂಟಿನ ಸಾರವನ್ನುಂಡು ಬೆಳೆಯುತ್ತವೆ. ಆರು ತಿಂಗಳು ಬತ್ತ, ಆರು ತಿಂಗಳು ಮೀನು. ಗೊಬ್ಬರದ ಚೀಲ ಹೊತ್ತವರಿಲ್ಲ. ಪ್ರಕೃತಿಯನ್ನು ಮನುಷ್ಯ ಮುಟ್ಟದಿದ್ದರೆ ಮಾತ್ರ ಅದು ಉಳಿದೀತು ಎನ್ನುವವರು ಗಜನಿಯನ್ನು ಒಮ್ಮೆ ನೋಡಬೇಕು. ಮನುಷ್ಯ ಇಲ್ಲಿ ಚೆನ್ನಾಗಿಯೇ ಮುಟ್ಟಿದ್ದಾನೆ: ಕಟ್ಟೆ ಕಟ್ಟಿದ್ದಾನೆ, ತೂಬು ಇಟ್ಟಿದ್ದಾನೆ, ಬೀಜ ಆರಿಸಿದ್ದಾನೆ. ಆದರೆ ಸಿಹಿನೀರಿನ ಕಾಲ ಯಾವುದು, ಉಪ್ಪುನೀರಿನ ಕಾಲ ಯಾವುದು ಎಂಬುದನ್ನು ಅರಿತು, ಆ ಕಾಲಕ್ಕೆ ತನ್ನ ದುಡಿಮೆಯನ್ನು ಹೊಂದಿಸಿಕೊಂಡಿದ್ದಾನೆ.

ಈಗ ನೆರೆಯ ಶರಾವತಿಗೆ ಬರೋಣ. ಲಿಂಗನಮಕ್ಕಿಯ ಅಣೆಕಟ್ಟೆ 1964ರಲ್ಲಿ ಎದ್ದು ನಿಂತಿತು. ಅದರ ಕೆಳಗಿನ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಈ ಶತಮಾನದ ಆರಂಭದಲ್ಲಿ ಇನ್ನೂ ಕೆಳಗೆ ಗೇರುಸೊಪ್ಪೆಯಲ್ಲಿ ಮತ್ತೊಂದು ಕಟ್ಟೆ, ಮತ್ತೊಂದು ವಿದ್ಯುದಾಗಾರ ಬಂದವು. ನಮ್ಮ ಮನೆಗಳ ದೀಪದಲ್ಲಿ, ನಮ್ಮ ಕಾರ್ಖಾನೆಗಳ ಗಾಲಿಯಲ್ಲಿ ಶರಾವತಿಯ ಋಣವಿದೆ. ಅದನ್ನು ಮರೆತು ಮಾತಾಡುವುದು ಕೃತಘ್ನತೆಯಾದೀತು. ಆದರೆ ಆ ಋಣದ ಒಂದು ಪಾಲನ್ನು ತೆತ್ತವರು ಹೊನ್ನಾವರದ ಅಳಿವೆಯಲ್ಲಿ ಬಳಚು ಆಯುತ್ತಿದ್ದವರು ಎಂಬುದು ನಮಗೆ ತಿಳಿದಿರಬೇಕಲ್ಲವೆ?

ಇಲ್ಲೊಂದು ವಿಚಿತ್ರವಿದೆ. ಅಣೆಕಟ್ಟೆಯಿಂದ ಕೆಳಗೆ ನೀರು ಕಡಿಮೆಯಾಗುತ್ತದೆ ಎಂದು ನಾವು ಎಣಿಸುತ್ತೇವೆ. ಶರಾವತಿಯಲ್ಲಿ ಬೇಸಿಗೆಯ ಮಟ್ಟಿಗೆ ಆದದ್ದು ಇದಕ್ಕೆ ವಿರುದ್ಧ. ಮಳೆಗಾಲದ ನೀರನ್ನು ಜಲಾಶಯ ಹಿಡಿದಿಟ್ಟುಕೊಳ್ಳುತ್ತದೆ. ವಿದ್ಯುತ್ತು ವರ್ಷವಿಡೀ ಬೇಕಾದುದರಿಂದ ಯಂತ್ರ ತಿರುಗಿಸಿದ ನೀರು ವರ್ಷವಿಡೀ ಹೊರಬೀಳುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಸೊರಗಬೇಕಾದ ಹೊಳೆ ಸೊರಗುವುದಿಲ್ಲ. ಹೊಳೆ ಸೊರಗದೆ ಕಡಲಿನ ಉಪ್ಪು ಒಳಗೆ ಬರಲಾರದು. ಉಪ್ಪು ಬಾರದೆ ಬಳಚು ಬದುಕಲಾರದು. ಭಾರತೀಯ ವಿಜ್ಞಾನ ಸಂಸ್ಥೆಯವರು ಉತ್ತರ ಕನ್ನಡದ ಅಳಿವೆಗಳನ್ನು ತಾಳೆನೋಡಿದಾಗ ಕಂಡದ್ದು ಇದನ್ನೇ: ಅಘನಾಶಿನಿಯಲ್ಲಿ ಚಿಪ್ಪಿನ ಜೀವಿಗಳ ಸಮೃದ್ಧಿ, ಶರಾವತಿಯಲ್ಲಿ ಅವುಗಳ ಕ್ಷಯ. ಅಲ್ಲಿಗೆ ವಿಷವನ್ನು ಯಾರೂ ಸುರಿಯಲಿಲ್ಲ. ಹರಿದದ್ದು ಶುದ್ಧವಾದ ಸಿಹಿನೀರೇ. ಅಕಾಲದಲ್ಲಿ ಹರಿದದ್ದರಿಂದ ಅದು ಬಳಚಿನ ಪಾಲಿಗೆ ವಿಷದ ಕೆಲಸ ಮಾಡಿತು.

ಆದ್ದರಿಂದ ನಮ್ಮ ಮೊದಲಿನ ಪ್ರಶ್ನೆಗೆ ಉತ್ತರ ಸ್ವಲ್ಪ ತೊಡಕಿನದು. ಕಡಲು ಸೇರುವ ನೀರು ವ್ಯರ್ಥವಲ್ಲ ಎಂದರೆ ಸಾಲದು. ಹೆಚ್ಚು ನೀರು ಸೇರಿದಷ್ಟೂ ಒಳಿತೆನ್ನುವುದೂ ಸರಿಯಲ್ಲ. ಅಳಿವೆಗೆ ಬೇಕಾದದ್ದು ಹದ. ಮಳೆಗಾಲದಲ್ಲಿ ಪ್ರವಾಹ ಬೇಕು, ಬೇಸಿಗೆಯಲ್ಲಿ ಬಡಕಲು ಹೊಳೆ ಬೇಕು. ಉಣ್ಣುವುದಕ್ಕೂ ಉಪವಾಸಕ್ಕೂ ಅದಕ್ಕೆ ಬೇರೆ ಬೇರೆ ದಿನಗಳುಂಟು. ಯಂತ್ರಕ್ಕೆ ಒಪ್ಪುವುದು ವರ್ಷದ ಎಲ್ಲ ದಿನವೂ ಒಂದೇ ಸಮವಾದ ಹರಿವು. ಈ ಎರಡು ಕಾಲಮಾನಗಳು ಒಂದಕ್ಕೊಂದು ತಾಗುವ ಎಡೆಯಲ್ಲಿಯೇ ಇಂದಿನ ಕರಾವಳಿಯ ಕಷ್ಟ ಹುಟ್ಟುತ್ತಿದೆ.

ಈ ಹದ ಕೆಡುವುದಕ್ಕೆ ಅಣೆಕಟ್ಟೆಯೇ ಆಗಬೇಕೆಂದಿಲ್ಲ. ಅಘನಾಶಿನಿಯ ಗಜನಿಗಳಲ್ಲೇ ನೋಡಿ. ಊರವರು ಕೂಡಿ ವರ್ಷವರ್ಷವೂ ದುರಸ್ತಿ ಮಾಡುತ್ತಿದ್ದ ಮಣ್ಣಿನ ಕಟ್ಟೆಗಳ ಎಡೆಯಲ್ಲಿ, 1970ರ ದಶಕದಲ್ಲಿ ಸರ್ಕಾರದಿಂದ ಕಾಯಮ್ಮಾದ ಕಟ್ಟೆಗಳು ಬಂದವು. ಉದ್ದೇಶ ಒಳ್ಳೆಯದೇ, ಬತ್ತಕ್ಕೆ ರಕ್ಷಣೆ ದೊರೆಯಲೆಂದು. ಆದರೆ ಆ ಕಟ್ಟೆಯ ಭದ್ರತೆ ಸಿಕ್ಕಮೇಲೆ, ಬತ್ತಕ್ಕಿಂತ ಸೀಗಡಿಗೇ ಹಣ ಹೆಚ್ಚೆಂಬ ಲೆಕ್ಕ ಬಲವಾಯಿತು. ಅನೇಕ ಗಜನಿಗಳಲ್ಲಿ ಕಗ್ಗ ಹಿಂದೆ ಸರಿದು ವರ್ಷವಿಡೀ ಸೀಗಡಿ ಕೃಷಿಯೇ ನಿಂತಿತು. 1990ರ ದಶಕದಲ್ಲಿ ದೇಶದ ಕರಾವಳಿಯುದ್ದಕ್ಕೂ ಹಬ್ಬಿದ ಬಿಳಿಚುಕ್ಕೆ ರೋಗ ಸೀಗಡಿಯನ್ನು ನಾಶಮಾಡಿದಾಗ, ಮರಳಿ ಹೋಗಲು ಎಷ್ಟೋ ಮಂದಿಗೆ ಕಗ್ಗದ ಬೇಸಾಯವೂ ಉಳಿದಿರಲಿಲ್ಲ. ಎರಡು ಕಾಲಗಳ ಭೂಮಿಯನ್ನು ಒಂದೇ ಕಾಲದ ಭೂಮಿಯಾಗಿ ಮಾಡಿಕೊಂಡುದರ ಬೆಲೆ ಅದು.

ಅಳಿವೆಯಾಚೆಯ ಕಡಲಿಗೂ ಇಂಥ ಕಾಲಧರ್ಮವಿದೆ. ಮುಂಗಾರಿನ ಗಾಳಿ ಬೀಸುವಾಗ ನಮ್ಮ ಪಶ್ಚಿಮ ತೀರದಲ್ಲಿ ಮೇಲ್ನೀರು ದೂರ ಸರಿದು, ಆಳದ ತಣ್ಣನೆಯ ನೀರು ಮೇಲೇರುತ್ತದೆ. ಅದರೊಡನೆ ಬಂದ ಸಾರಕ್ಕೆ, ಹೊಳೆಗಳು ತಂದು ಸುರಿದ ಸಾರವೂ ಕೂಡುತ್ತದೆ. ಸಸ್ಯಾಣುಗಳು ಹೊಲದಂತೆ ಹಬ್ಬುತ್ತವೆ. ಅವನ್ನು ಮೇಯಲು ಭೂತಾಯಿ, ಬಂಗುಡೆಗಳ ಹಿಂಡು ದಡದ ಕಡೆಗೆ ಬರುತ್ತದೆ. ಕಡಲು ಉಕ್ಕುವ ಆ ದಿನಗಳಲ್ಲಿ ದೋಣಿ ಇಳಿಸದೆ, ನೂಲ ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಮೀನುಗಾರಿಕೆಗೆ ತೊಡಗುವುದು ಹಳೆಯ ಪದ್ಧತಿ. ಆಗ ಬೀಳುತ್ತಿದ್ದ ರಂಪಣಿ ಬಲೆಯನ್ನು ದಡದಲ್ಲಿ ನಿಂತು ಎಳೆಯಲು ಹತ್ತಾರು ಜನರ ತೋಳು ಬೇಕು. ಮೀನು ದಡಕ್ಕೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದಿತು. ಮೀನು ದಡಕ್ಕೆ ಬರುವವರೆಗೆ ಕಾಯದೆ, ಅದರ ಹಿಂಡನ್ನು ಕಡಲಿನಲ್ಲೇ ಸುತ್ತುಗಟ್ಟಿ ಎತ್ತುವುದು ಸಾಧ್ಯವಾಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಇಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳಿಗೆ ಕಾನೂನಿನ ನಿಷೇಧವಿದೆ. ತೆಂಗಿನಕಾಯಿ ಹೇಳುತ್ತಿದ್ದ ಮಾತನ್ನು ಈಗ ಕಾನೂನು ಹೇಳಬೇಕಾಗಿದೆ.

ಇದರ ಮೇಲೆ ಇನ್ನೊಂದು ಸಂಕಟ, ನಮ್ಮ ಜಿಲ್ಲೆ ನಾಡುಗಳ ಎಲ್ಲೆಯನ್ನು ಮೀರಿದ್ದು, ಬಂದೆರಗಿದೆ. ಭೂಮಿಯಲ್ಲಿ ನಾವು ಹೆಚ್ಚಿಸಿದ ಶಾಖದ ನೂರರಲ್ಲಿ ತೊಂಬತ್ತಕ್ಕೂ ಮಿಕ್ಕ ಪಾಲನ್ನು ಸಾಗರಗಳೇ ಹೀರಿಕೊಂಡಿವೆ. ಅರಬ್ಬೀ ಸಮುದ್ರವೂ ಬಿಸಿಯೇರುತ್ತಿದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ದಡಗಳನ್ನು ಕೊರೆದುಹೋದುದನ್ನು ಕರಾವಳಿಯವರು ಮರೆತಿಲ್ಲ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ನು ಸಿಕ್ಕಿದ್ದ ಭೂತಾಯಿ 2021ರಲ್ಲಿ ಕೆಲವೇ ಸಾವಿರ ಟನ್ನಿಗೆ ಇಳಿಯಿತು. ಇದರಲ್ಲಿ ಕಡಲಿನ ಬಿಸಿಯ ಪಾಲೆಷ್ಟು, ಮರಿಮೀನನ್ನೂ ಬಿಡದ ಬಲೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಎರಡೂ ಕೂಡಿದಾಗ ಒಂದರ ಪೆಟ್ಟನ್ನು ಇನ್ನೊಂದು ಹೆಚ್ಚಿಸುತ್ತದೆ. ಕಡಲಿನ ಋತುಮಾನವೇ ಅಳ್ಳಾಡುತ್ತಿರುವ ಇಂಥ ಹೊತ್ತಿನಲ್ಲಿ, ಹೊಳೆಯ ಋತುಮಾನವನ್ನಾದರೂ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಅಘನಾಶಿನಿಗೆ ಆ ಭಾಗ್ಯ ತಾನಾಗಿ ಒದಗಿದ್ದಲ್ಲ. 2000ದ ದಶಕದಲ್ಲಿ ತದಡಿಯಲ್ಲಿ 4000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ತರುವ ಯೋಜನೆ ಬಂದಾಗ ಊರವರು, ರೈತರು, ಮೀನುಗಾರರು ವಿರೋಧಿಸಿದರು, ಅದು ಕೈಗೂಡಲಿಲ್ಲ. ಹಾಗೆ ಉಳಿದ ಅಳಿವೆಗೆ 2024ರಲ್ಲಿ, ಜೌಗುಭೂಮಿಗಳ ರಕ್ಷಣೆಗೆಂದು 1971ರಲ್ಲಿ ಇರಾನಿನ ರಾಮ್ಸಾರ್ ನಗರದಲ್ಲಿ ಆದ ಒಪ್ಪಂದದ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ವಿಸ್ತಾರ 4801 ಹೆಕ್ಟೇರು. ಇದು ಸಂತೋಷದ ಸಂಗತಿ. ಆದರೆ ಪಟ್ಟಿಯಲ್ಲಿ ಹೆಸರು ಬಂದಮಾತ್ರಕ್ಕೆ ಮರಳು ತೆಗೆಯುವವರ ಸಲಿಕೆ ನಿಲ್ಲದು, ಕಾಂಡ್ಲದ ಬುಡಕ್ಕೆ ಮಣ್ಣು ತುಂಬುವವರ ಕೈ ನಿಲ್ಲದು. ಮೇಲಿನ ಕಣಿವೆಯಲ್ಲಿ ಹೊಳೆ ಹೊಳೆಯಾಗಿ ಹರಿಯುತ್ತಿದ್ದರಷ್ಟೇ ಕೆಳಗಿನ ಪಟ್ಟಿಗೆ ಅರ್ಥ.

ಹಾಗಾದರೆ ಬಯಲುಸೀಮೆಯ ಬಾಯಾರಿಕೆಗೆ ಏನು ಹೇಳೋಣ? ಕೋಲಾರದ ರೈತನೂ ತದಡಿಯ ಬಳಚಿನವಳೂ ಒಂದೇ ನಾಡಿನ ಮಕ್ಕಳು. ಒಬ್ಬರ ಹೊಟ್ಟೆಯನ್ನು ಕಂಡು ಇನ್ನೊಬ್ಬರನ್ನು ಮರೆಯುವುದು ನ್ಯಾಯವಲ್ಲ. ನೀರನ್ನು ತಿರುಗಿಸಲೇಬೇಕಾದ ಸಂದರ್ಭಗಳಿರಬಹುದು. ಆಗ ಯೋಜನೆಯ ಅಂದಾಜು ಪತ್ರದಲ್ಲಿ ಕಾಲುವೆಯ ಉದ್ದ, ಪಂಪಿನ ಶಕ್ತಿ, ಸಿಮೆಂಟಿನ ಖರ್ಚುಗಳ ಜೊತೆಗೆ ಇನ್ನೊಂದು ಕಲಮು ಇರಲಿ: ಯಾವ ತಿಂಗಳಲ್ಲಿ ಎಷ್ಟು ನೀರು ಅಳಿವೆಯನ್ನು ಮುಟ್ಟಬೇಕು, ಯಾವ ತಿಂಗಳಲ್ಲಿ ಮುಟ್ಟಬಾರದು ಎಂಬ ಲೆಕ್ಕ. ವಿದ್ಯುದಾಗಾರದಿಂದ ನೀರು ಬಿಡುವ ವೇಳಾಪಟ್ಟಿಯನ್ನು ಬರೆಯುವವರು ಅಳಿವೆಯವರನ್ನೂ ಒಂದು ಮಾತು ಕೇಳಲಿ. ಆ ಲೆಕ್ಕವನ್ನು ಬಲ್ಲವರು ಅಲ್ಲಿ ಇದ್ದಾರೆ. ನೀರಿಗಿಳಿದು ನಾಲಿಗೆಗೆ ಒಂದು ಹನಿ ಮುಟ್ಟಿಸಿದರೆ ಇಂದು ಉಪ್ಪೆಷ್ಟು, ಸಿಹಿಯೆಷ್ಟು ಎಂದು ಹೇಳಬಲ್ಲರು.

ಮುಂದಿನ ಮಳೆಗಾಲದಲ್ಲಿ ತುಂಬಿದ ಹೊಳೆಯೊಂದು ಕಡಲ ಕಡೆಗೆ ಕೆಂಪಾಗಿ ಹರಿಯುವುದನ್ನು ನೋಡಿದಾಗ, ಅದು ಹೋಗುತ್ತಿರುವುದು ಕೆಲಸಕ್ಕೆ ಎಂಬುದನ್ನು ನೆನೆಯೋಣ. ಅದು ಗಜನಿಯ ಉಪ್ಪನ್ನು ತೊಳೆಯಬೇಕಾಗಿದೆ, ಸೀಗಡಿಯ ಮರಿಗೆ ಮೇವು ಒದಗಿಸಬೇಕಾಗಿದೆ, ಅಲೆ ಕೊರೆದ ದಡಕ್ಕೆ ಮರಳು ತುಂಬಬೇಕಾಗಿದೆ.