ಒಕ್ಕಲುತನದ ಹಿರಿಯರನ್ನು ಅರಸುತ್ತ
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವವು ಗತಿಸಿದವರನ್ನು ನೆನೆಯುವ ಹಬ್ಬ. ಆದರೆ ಮುತ್ತಜ್ಜನ ತಂದೆಯ ಹೆಸರೇನೆಂದರೆ ನಮ್ಮಲ್ಲಿ ಉತ್ತರಿಸಬಲ್ಲವರು ವಿರಳ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಎರೆಭೂಮಿಯಲ್ಲಿ ಜೋಳ ಬಿತ್ತಿ ಬೆಳೆದ ಹತ್ತೊಂಬತ್ತನೆಯ ಶತಮಾನದ ಹಿರಿಯನೊಬ್ಬನ ಗುರುತನ್ನು ಕಂಡುಕೊಳ್ಳುವ ಬಗೆಯನ್ನು ಕುರಿತು ಎರಡು ಮಾತು ಅರಿಕೆ ಮಾಡುತ್ತೇನೆ.

ಹುಡುಕುವವನು ತನ್ನಿಂದಲೇ ಹೊರಟು ಒಂದೊಂದೇ ತಲೆಮಾರು ಹಿಂದಕ್ಕೆ ನಡೆಯಬೇಕು. ಮೊದಲ ಆಧಾರ ಭೂಮಿಯ ಕಾಗದ. ಈ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. 1954-55ರ ಖಾಸ್ರಾ ಪಹಣಿಯಲ್ಲಿ ಅಜ್ಜನ ಹೆಸರೂ ಸರ್ವೆ ನಂಬರೂ ದೊರೆತರೆ, ಆ ನಂಬರನ್ನೇ ಹಿಡಿದು ಹಿಂದಿನ ಸೇತ್ವಾರನ್ನು ನೋಡಬಹುದು. ಅಲ್ಲಿಯ ಬರಹ ಉರ್ದು. 1880ರ ದಶಕಕ್ಕೆ ಮುಂಚಿನ ಸರಕಾರಿ ಬರಹ ಫಾರಸಿ. ಕುಲಕರ್ಣಿಯ ದಫ್ತರದಲ್ಲಿ ಮೋಡಿ ಲಿಪಿ. ವರ್ಷವೂ ಫಸಲಿಯದು, ಅದಕ್ಕೆ 590 ಕೂಡಿಸಬೇಕು. 1286 ಫಸಲಿಯೆಂದರೆ 1876-77, ಮಹಾಕ್ಷಾಮದ ಕಾಲ. ಊರು ದಿವಾನಿಗೆ ಸೇರಿತ್ತೋ ಜಾಗೀರಿಗೋ ಎಂಬುದನ್ನೂ ವಿಚಾರಿಸಬೇಕು. ಜಾಗೀರುಗಳು ರದ್ದಾದದ್ದು 1949ರಲ್ಲಿ.

ಗಡಿಯನ್ನೂ ಮರೆಯಬಾರದು. ಅಫಜಲಪುರದವರು ಭೀಮೆಯನ್ನು ದಾಟಿದರೆ ಇಂಡಿ, ಅಂದಿನ ಮುಂಬಯಿ ಪ್ರಾಂತ. ಆಳಂದದ ಪಶ್ಚಿಮಕ್ಕೆ ಅಕ್ಕಲಕೋಟೆ ಬೇರೆ ಸಂಸ್ಥಾನ. ಹೆಣ್ಣು ಕೊಟ್ಟು ತಂದವರೂ ಬರಗಾಲದಲ್ಲಿ ಗುಳೆ ಹೋದವರೂ ಈ ಗಡಿಗಳನ್ನು ಲೆಕ್ಕಿಸಲಿಲ್ಲ. ಇಲ್ಲಿ ಸಿಗದ ಹೆಸರು ಆಚೆಯ ದಫ್ತರದಲ್ಲಿ ಇದ್ದೀತು.

ಎರಡನೆಯ ಆಧಾರ ಹೆಳವರದು. ಎತ್ತಿನೊಡನೆ ಮನೆಬಾಗಿಲಿಗೆ ಬಂದು, ಮನೆತನದ ಮೂಲಪುರುಷನನ್ನೂ ಅವನು ಬಿಟ್ಟುಬಂದ ಊರನ್ನೂ ಅಣ್ಣತಮ್ಮಂದಿರ ಕವಲುಗಳನ್ನೂ ಹೇಳಿ ಕಾಳುಕಡಿ ಪಡೆಯುವವರು ಇವರು. ನಮ್ಮ ಮನೆಗೆ ಬಾರದ ಹೆಳವನು ದಾಯಾದಿಗಳ ಮನೆಗೆ ಬರುತ್ತಿರಬಹುದು. ಅಲ್ಲಿ ಕುಳಿತು ಕೇಳುವುದರಲ್ಲಿ ಸಂಕೋಚ ಬೇಡ. ಧರ್ಮ ಬೇರೆಯಾದರೂ ರಕ್ತ ಒಂದೇ.

ಆದರೆ ಈ ಎರಡರಲ್ಲಿಯೂ ಒಂದು ಕೊರತೆಯುಂಟು. ಪಹಣಿ ಬಲ್ಲದ್ದು ಪಟ್ಟೇದಾರನನ್ನು. ಪರರ ಹೊಲದಲ್ಲಿ ಜೀತ ದುಡಿದವನ ಹೆಸರನ್ನು ಅದು ಬರೆಯಲಿಲ್ಲ. ಹೆಳವನ ವಂಶಾವಳಿ ಹೆಚ್ಚಾಗಿ ಗಂಡುಸಂತತಿಯದು. ಇಲ್ಲಿಯೇ ದೇವಾಲಯದ ಜ್ಞಾನಸ್ನಾನದ ದಾಖಲೆಯ ಬೆಲೆ ತಿಳಿಯುವುದು. ಅದರಲ್ಲಿ ಮಗುವಿನ ತಂದೆಯೊಡನೆ ತಾಯಿಯ ಹೆಸರೂ ಉಂಟು, ಜ್ಞಾನಪಿತ ಜ್ಞಾನಮಾತೆಯರ ಹೆಸರೂ ಉಂಟು. ಭೂಮಿಯುಳ್ಳವನಿಗೂ ಕೂಲಿಯವನಿಗೂ ಒಂದೇ ಸಾಲು. ಮದುವೆಯ ದಾಖಲೆಯನ್ನಿಡಬೇಕೆಂದು ತ್ರೆಂತ್ ಮಹಾಸಭೆ ವಿಧಿಸಿದ್ದು 1563ರಲ್ಲಿ. ನಮ್ಮ ದೇಶದಲ್ಲಿ ಜನನ ಮರಣ ನೋಂದಣಿಯ ಕಾಯಿದೆ ಬಂದದ್ದು 1969ರಲ್ಲಿ. ಒಂದು ಎಚ್ಚರಿಕೆ: ಇಲ್ಲಿ ಸಂತರ ಹೆಸರು ಪಡೆದವನು ಪಹಣಿಯಲ್ಲಿ ಹಳೆಯ ಹೆಸರಿನಿಂದಲೇ ಉಳಿದಿರಬಹುದು. ತಂದೆಯ ಹೆಸರನ್ನೂ ಊರನ್ನೂ ಸರಿಹೋಲಿಸಿದ ಮೇಲೆಯೇ ಇಬ್ಬರೂ ಒಬ್ಬನೇ ಎನ್ನಬೇಕು.

ಪ್ರಿಯರೇ, ಕಾಗದವನ್ನು ಗೆದ್ದಲು ತಿನ್ನುತ್ತದೆ. ಮುದುಕರ ನೆನಪು ಅವರೊಡನೆಯೇ ಮಣ್ಣಾಗುತ್ತದೆ. ಪ್ರತಿ ಮನೆಯವರೂ ಈ ವರ್ಷದೊಳಗೆ ಅಜ್ಜಿಯಂದಿರ ಬಳಿ ಕುಳಿತು, ಅವರ ತವರೂರು, ತಾಯಿಯ ಹೆಸರು, ತಾಯಿಯ ತವರೂರು ಇಷ್ಟನ್ನಾದರೂ ಬರೆದಿಡಿರಿ. ಹಳೆಯ ದಾಖಲೆಗಳ ಪ್ರತಿ ಮಾಡಿಸುವ ಕಾರ್ಯಕ್ಕೆ ಗುರುಗಳೊಡನೆ ಕೈಜೋಡಿಸಿರಿ. ಹೆಸರಿಲ್ಲದೆ ಮಣ್ಣಿಗೆ ಸಂದವರ ಹೆಸರನ್ನು ಮತ್ತೆ ನಾಲಗೆಯ ಮೇಲೆ ತರುವುದು ಅವರಿಗೆ ನಾವು ಸಲ್ಲಿಸಬೇಕಾದ ಋಣ.